ಗೋಡೆ ಒಡೆಯುವ ಮುನ್ನ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದ ಹಿರಿಯರು, ಇದ್ದ ಮನೆಯನ್ನೇ ಒಡೆದು ತಿದ್ದುವ ಕೆಲಸದ ಮಾತನ್ನೆತ್ತಲಿಲ್ಲ. ಅವರ ಕಾಲದಲ್ಲಿ ಆ ಕಷ್ಟ ಅಷ್ಟಾಗಿ ಇರಲಿಲ್ಲವೋ, ಇಲ್ಲವೆ ಅದನ್ನು ಅನುಭವಿಸಿದವರಿಗೆ ಗಾದೆ ಕಟ್ಟುವಷ್ಟು ಉಸಿರು ಉಳಿದಿರಲಿಲ್ಲವೋ ತಿಳಿಯದು. ಹೊಸ ಮನೆಯೆಂದರೆ ಬರಿಯ ನಿವೇಶನದ ಮೇಲೆ ಏಳುವಂಥದು. ಅಲ್ಲಿ ಎಲ್ಲವೂ ಕಣ್ಣೆದುರಿಗೇ ನಡೆಯುತ್ತದೆ. ಹಳೆಯ ಮನೆಯ ಸಂಗತಿ ಬೇರೆ. ಅದರೊಳಗೆ ಜನರಿದ್ದಾರೆ, ಪಾತ್ರೆಪಡಗಗಳಿವೆ, ದೇವರ ಪಟಗಳಿವೆ. ಗೋಡೆಯೊಳಗೆ ಯಾರ ಕಣ್ಣಿಗೂ ಬೀಳದ ಕೊಳವೆಗಳೂ ತಂತಿಗಳೂ ಒಮ್ಮೊಮ್ಮೆ ಗೆದ್ದಲೂ ಇವೆ.

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ಹಿಂದುಮುಂದಿನ ವರ್ಷಗಳಲ್ಲಿ ರೂಪುಗೊಂಡ ಬಡಾವಣೆಗಳು. ಅಲ್ಲಿಯೂ, ಚಾಮರಾಜಪೇಟೆ, ಜಯನಗರಗಳಲ್ಲಿಯೂ, ಮೈಸೂರಿನ ಹಳೆಯ ಮೊಹಲ್ಲಗಳಲ್ಲಿಯೂ ಅಜ್ಜಂದಿರೋ ತಂದೆಯರೋ ಕಟ್ಟಿಸಿದ ಮನೆಗಳು ಇನ್ನೂ ಅಲ್ಲೊಂದು ಇಲ್ಲೊಂದು ನಿಂತಿವೆ. ಇವುಗಳ ವಾರಸುದಾರರ ಮುಂದೆ ಮೂರು ದಾರಿಗಳುಂಟು: ಮನೆಯನ್ನು ಮಾರಿ ಬಹುಮಹಡಿಯ ಕಟ್ಟಡದಲ್ಲಿ ನಾಲ್ಕು ಕೋಣೆ ಕೊಳ್ಳುವುದು, ಸೋರಿದಲ್ಲಿ ಬೋಗುಣಿ ಇಟ್ಟು ಹೇಗೋ ದಿನ ನೂಕುವುದು, ಅಥವಾ ವಿನ್ಯಾಸ ಬಲ್ಲವರೊಬ್ಬರನ್ನು ಕರೆಸಿ ಮನೆಯನ್ನು ಈಗಿನ ಬಾಳಿಗೆ ಒಗ್ಗಿಸಿಕೊಳ್ಳುವುದು. ಮೂರನೆಯದನ್ನು ಆರಿಸಿಕೊಂಡವರಿಗೆ ಸಂತೋಷವೂ ಹೆಚ್ಚು, ಮೋಸಹೋಗುವ ಸಂಭವವೂ ಹೆಚ್ಚು. ಮೋಸ ಮಾಡುವವರು ಬಹುಮಟ್ಟಿಗೆ ಹೊರಗಿನವರಲ್ಲ, ತಮ್ಮದೇ ಲೆಕ್ಕ.

ಲೆಕ್ಕಕ್ಕೆಂದೇ ಅಂಥದೊಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಯಜಮಾನರು ಬರುವ ವರ್ಷ ಕೆಲಸದಿಂದ ನಿವೃತ್ತರಾಗುವವರು. ಎಂಬತ್ತೆರಡರ ತಾಯಿ, ಮಡದಿ, ಮಗ, ಸೊಸೆ ಇದ್ದಾರೆ. ಮನೆಗೆ ಅರವತ್ತು ವರ್ಷ. ಭವಿಷ್ಯನಿಧಿಯಿಂದಲೂ ಉಳಿತಾಯದಿಂದಲೂ ತೆಗೆದು ಇಟ್ಟ ಹಣ 20 ಲಕ್ಷ ರೂಪಾಯಿ. ಅದರಾಚೆಗೆ ಕೈಯಿಡುವಂತಿಲ್ಲ, ಏಕೆಂದರೆ ಉಳಿದದ್ದು ಮುದಿತನದ ಔಷಧಕ್ಕೂ ಅಕ್ಕಿಗೂ ಬೇಕಾದದ್ದು. ಮಡದಿಗೆ ಅಡುಗೆಮನೆಗೆ ಬೆಳಕು ಬರಬೇಕೆಂಬ ಆಸೆ. ಮಗನಿಗೆ ನಡುಮನೆಯ ಗೋಡೆ ತೆಗೆದು ಹಜಾರವನ್ನು ವಿಶಾಲ ಮಾಡುವ ಹಂಬಲ. ಸೊಸೆ ಮನೆಯಲ್ಲಿಯೇ ಕುಳಿತು ಕಚೇರಿಯ ಕೆಲಸ ಮಾಡುವವಳು. ಅವಳಿಗೆ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಮೂಲೆ ಬೇಕು. ತಾಯಿ ಮಾತ್ರ ಏನನ್ನೂ ಕೇಳುವುದಿಲ್ಲ. "ನಿಮಗೆ ಹೇಗೆ ಬೇಕೋ ಹಾಗೆ ಮಾಡ್ಕೊಳ್ಳಿ" ಎನ್ನುತ್ತಾರೆ. ಆ ಮಾತಿನ ಅರ್ಥ ಅಷ್ಟು ಸರಳವಲ್ಲವೆಂಬುದನ್ನು ಮಗ ಬಲ್ಲ. ಆರು ತಿಂಗಳು ಬಾಡಿಗೆಯ ಮನೆಗೆ ಹೋದರೆ ತಾನು ಮತ್ತೆ ಈ ಮನೆಗೆ ಹಿಂದಿರುಗುವೆನೆ ಎಂಬುದು ಅವರ ಪ್ರಶ್ನೆ. ಅದನ್ನು ಅವರು ಕೇಳುವುದಿಲ್ಲ, ಅಷ್ಟೆ.

ಇನ್ನು ಹಣ. 20 ಲಕ್ಷವಿದೆ, ಆದುದರಿಂದ 20 ಲಕ್ಷದ ಕೆಲಸವಾಗುತ್ತದೆ ಎಂದು ಭಾವಿಸುವುದು ಸಹಜ. ಆದರೆ ಕಾಗದ ಪೆನ್ಸಿಲು ಹಿಡಿದು ಕುಳಿತರೆ ಚಿತ್ರ ಬೇರೆಯಾಗುತ್ತದೆ. ಆರು ತಿಂಗಳ ಬಾಡಿಗೆ ತಿಂಗಳಿಗೆ 25,000ದಂತೆ 1,50,000 ರೂಪಾಯಿ. ಸಾಮಾನು ಸಾಗಿಸಲು, ಹೋಗುವಾಗ ಒಮ್ಮೆ ಬರುವಾಗ ಒಮ್ಮೆ, 40,000. ವಿನ್ಯಾಸಕಾರರ ಸಂಭಾವನೆ, ತೆರಿಗೆ ಸೇರಿ, 1,60,000 ಎಂದಿಟ್ಟುಕೊಳ್ಳಬಹುದು. ಅನಿರೀಕ್ಷಿತಕ್ಕೆಂದು ನೂರಕ್ಕೆ ಹದಿನೈದರಂತೆ 3 ಲಕ್ಷವನ್ನು ಮುಟ್ಟದೆ ಎತ್ತಿಡಬೇಕು. ಇಷ್ಟು ಕಳೆದರೆ ಉಳಿಯುವುದು 13,50,000. ಅದರಲ್ಲಿಯೂ ನೋಂದಾಯಿತ ಗುತ್ತಿಗೆದಾರರ ಬಿಲ್ಲಿನ ಮೇಲೆ ಶೇಕಡಾ 18ರ ಸರಕು ಮತ್ತು ಸೇವಾ ತೆರಿಗೆ ಬೀಳುತ್ತದೆ. ಅದನ್ನೂ ತೆಗೆದರೆ ಇಟ್ಟಿಗೆ, ಸಿಮೆಂಟು, ಮರ, ಕೂಲಿಗಳಿಗೆ ದಕ್ಕುವುದು ಸುಮಾರು 11,44,000 ರೂಪಾಯಿ ಮಾತ್ರ! ಮನೆಯವರ ಮನಸ್ಸಿನಲ್ಲಿದ್ದ ಮೊತ್ತಕ್ಕೂ ನಿಜವಾಗಿ ಗೋಡೆಗೆ ಸೇರುವ ಮೊತ್ತಕ್ಕೂ ಇಷ್ಟು ಅಂತರ. ಅಂಕಿಗಳು ಊರಿಂದೂರಿಗೆ, ಬೀದಿಯಿಂದ ಬೀದಿಗೆ ಬದಲಾಗಬಹುದು. ಕಳೆಯುವ ಕ್ರಮ ಬದಲಾಗದು. ಈ ಕಳೆಯುವಿಕೆಯನ್ನು ಮೊದಲ ದಿನವೇ ಮಾಡಿಕೊಂಡವರು ವಿನ್ಯಾಸಕಾರರ ಮುಂದೆ 11 ಲಕ್ಷದ ಮನೆಯನ್ನು ಕೇಳುತ್ತಾರೆ. ಮಾಡಿಕೊಳ್ಳದವರು 20 ಲಕ್ಷದ ಮನೆಯನ್ನು ಕೇಳಿ, ಅರ್ಧ ದಾರಿಯಲ್ಲಿ ಬ್ಯಾಂಕಿನ ಮೆಟ್ಟಿಲು ಹತ್ತುತ್ತಾರೆ.

ವಿನ್ಯಾಸಕಾರರೆಂದರೆ ಯಾರು? ಇಲ್ಲೊಂದು ಭೇದವನ್ನು ತಿಳಿದಿರುವುದು ಲೇಸು. 1972ರ ವಾಸ್ತುಶಿಲ್ಪಿಗಳ ಕಾಯಿದೆಯ ಪ್ರಕಾರ, ವಾಸ್ತುಶಿಲ್ಪ ಮಂಡಳಿಯಲ್ಲಿ ನೋಂದಣಿಯಾದವರು ಮಾತ್ರ ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದು. ಒಳಾಂಗಣ ವಿನ್ಯಾಸಕಾರರ ಹೆಸರಿಗೆ ಅಂಥ ಕಟ್ಟಿಲ್ಲ. ಹಾಗೆಂದು ಅವರಲ್ಲಿ ಸಮರ್ಥರಿಲ್ಲವೆಂದಲ್ಲ. ಬಣ್ಣ, ಬೀರು, ದೀಪ, ಪರದೆಗಳ ಕೆಲಸವಾದರೆ ಅವರು ಸಾಕು. ಗೋಡೆ ತೆಗೆಯುವುದು, ಮಹಡಿ ಏರಿಸುವುದು ಎಂದ ಕೂಡಲೆ ವಾಸ್ತುಶಿಲ್ಪಿಯೂ, ಭಾರದ ಲೆಕ್ಕ ಬಲ್ಲ ಎಂಜಿನಿಯರೂ ಬೇಕು, ನಗರಪಾಲಿಕೆಯ ಅನುಮತಿಯನ್ನೂ ವಿಚಾರಿಸಬೇಕು. ಸಂಭಾವನೆಯ ಮಾತನ್ನು ಸಂಕೋಚವಿಲ್ಲದೆ ಆಡಬೇಕು. ಒಟ್ಟು ಖರ್ಚಿನ ಮೇಲೆ ನೂರಕ್ಕೆ ಇಷ್ಟು ಎಂದು ಪಡೆಯುವ ಪದ್ಧತಿಯಲ್ಲಿ ಖರ್ಚು ಏರಿದಂತೆ ಸಂಭಾವನೆಯೂ ಏರುತ್ತದೆ; ಆದುದರಿಂದ ನಿಗದಿ ಮೊತ್ತವೊಂದನ್ನು ಒಪ್ಪಿಕೊಳ್ಳುವುದು ಸಂಸಾರಸ್ಥರಿಗೆ ನೆಮ್ಮದಿ. ಅಂಗಡಿಯವರಿಂದ ಕಮಿಷನ್ ಬರುವುದುಂಟೆ ಎಂದು ನೇರವಾಗಿ ಕೇಳಿದರೆ ತಪ್ಪಿಲ್ಲ. ಪ್ರಾಮಾಣಿಕರು ಉತ್ತರಿಸುತ್ತಾರೆ, ಉಳಿದವರು ಮುನಿಸಿಕೊಳ್ಳುತ್ತಾರೆ. ಎರಡರಿಂದಲೂ ತಿಳಿಯಬೇಕಾದದ್ದು ತಿಳಿಯುತ್ತದೆ.

ಒಳ್ಳೆಯ ವಿನ್ಯಾಸಕಾರರು ಬಂದ ದಿನವೇ ಬಣ್ಣದ ಚಿತ್ರಗಳನ್ನು ಹರಡುವುದಿಲ್ಲ. ಮೊದಲು ಅಳತೆಪಟ್ಟಿ ಹಿಡಿದು ಇರುವ ಮನೆಯ ನಕ್ಷೆ ತೆಗೆಯುತ್ತಾರೆ. ಹಳೆಯ ಕೋಣೆಗಳಲ್ಲಿ ಎದುರುಬದುರು ಗೋಡೆಗಳು ಒಂದೇ ಉದ್ದವಿರುವುದು ಅಪರೂಪ. ಆಮೇಲೆ ಪ್ರಶ್ನೆ ಕೇಳುತ್ತಾರೆ. "ಅಮ್ಮ, ಬೆಳಿಗ್ಗೆ ಎದ್ದ ಕೂಡಲೆ ನೀವು ಮೊದಲು ಯಾವ ಕಡೆ ಹೋಗ್ತೀರಿ?" ಎಂಬ ಪ್ರಶ್ನೆಗೆ ಆ ಎಂಬತ್ತೆರಡರ ವೃದ್ಧೆ ಬಾಯಿ ಬಿಡುತ್ತಾರೆ. ಹಿತ್ತಲ ಬಚ್ಚಲಿಗೆ ಹೋಗಬೇಕು, ನಡುವೆ ಎರಡು ಹೊಸ್ತಿಲು ದಾಟಬೇಕು, ಕತ್ತಲಲ್ಲಿ ದೀಪದ ಗುಂಡಿ ಕೈಗೆ ಸಿಗುವುದಿಲ್ಲ, ಹೋದ ಮಳೆಗಾಲದಲ್ಲಿ ಒಮ್ಮೆ ಜಾರಿದ್ದು ಯಾರಿಗೂ ಹೇಳಲಿಲ್ಲ. ಹಜಾರದ ಗೋಡೆಯ ಚರ್ಚೆಯಲ್ಲಿ ಮುಳುಗಿದ್ದ ಮನೆಯವರಿಗೆ ಈ ಕೊನೆಯ ಸಂಗತಿ ಹೊಸದು! ಆ ಕ್ಷಣದಲ್ಲಿ ಪಟ್ಟಿಯ ಕ್ರಮವೇ ತಲೆಕೆಳಗಾಗುತ್ತದೆ. ಅವರ ಕೋಣೆಗೆ ಹೊಂದಿ ಹೊಸ್ತಿಲಿಲ್ಲದ ಬಚ್ಚಲು, ಜಾರದ ನೆಲ, ಗಾಲಿಕುರ್ಚಿ ಬಂದರೂ ಹಿಡಿಯುವ ಮೂರಡಿ ಬಾಗಿಲು, ಹಿಡಿದುಕೊಳ್ಳಲು ಗೋಡೆಗೆ ಸರಳು. ಕೊನೆಯದು ಅಲ್ಪ ಖರ್ಚಿನದೇ; ಆದರೆ ಅದರ ಜಾಗವನ್ನು ಟೈಲ್ಸ್ ಕೂರಿಸುವ ಮುಂಚೆ ಗೊತ್ತುಮಾಡಿ ಗೋಡೆಯಲ್ಲಿ ಗಟ್ಟಿ ಆಧಾರ ಕೊಟ್ಟಿರಬೇಕು.

ಹಳೆಯ ಮನೆಯ ಅತಿ ದೊಡ್ಡ ವೆಚ್ಚ ಕಣ್ಣಿಗೆ ಕಾಣುವುದಿಲ್ಲ. ಹಿಂದಿನವರ ಮದ್ರಾಸು ತಾರಸಿಯನ್ನೇ ನೋಡಬಹುದು. ಸಾಗುವಾನಿಯ ತೊಲೆಗಳು, ಅವುಗಳ ಮೇಲೆ ಓರೆಸಾಲಿನಲ್ಲಿ ಅಂಚು ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸಿದ ತೆಳು ಇಟ್ಟಿಗೆಗಳು, ಅವುಗಳ ಮೇಲೆ ಇಟ್ಟಿಗೆಚೂರು ಸುಣ್ಣಗಳ ದಪ್ಪ ಪದರ. ಅದನ್ನು ದಿನಗಟ್ಟಲೆ ಬಡಿದು, ಬೆಲ್ಲ ಅಳಲೆಕಾಯಿಗಳ ನೀರು ಚಿಮುಕಿಸಿ ಗಟ್ಟಿ ಮಾಡುತ್ತಿದ್ದರು. ತಂಪಾದ, ಬಾಳಿಕೆಯ ಚಾವಣಿ ಅದು. ಆದರೆ ತೊಲೆಯ ತುದಿ ಗೋಡೆಯೊಳಗೆ ಹೋಗುವ ಜಾಗದಲ್ಲಿ ತೇವ ಸೇರಿದರೆ, ಹೊರಗಿನ ಭಾಗ ಕಬ್ಬಿಣದಂತಿದ್ದೂ ಒಳಗಿನದು ಹುಡಿಯಾಗಿರುತ್ತದೆ. ಕಬ್ಬಿಣದ ನೀರಿನ ಕೊಳವೆ ಹೊರಗೆ ಚೆನ್ನಾಗಿದ್ದು ಒಳಗೆ ತುಕ್ಕುಕಟ್ಟಿ ಬೆರಳೂ ಹೋಗದಷ್ಟು ಕಿರಿದಾಗಿರುತ್ತದೆ. ಮರದ ಪಟ್ಟಿಯ ಮೇಲೆ ಎಳೆದ ಹಳೆಯ ತಂತಿ ನಾಲ್ಕು ದೀಪ, ಒಂದು ರೇಡಿಯೋಗಳಿಗೆಂದು ಹಾಕಿದ್ದು. ಇಂದಿನ ಶೀತಕಪಾಟು, ಬಟ್ಟೆ ಒಗೆಯುವ ಯಂತ್ರ, ನೀರು ಕಾಯಿಸುವ ಗೀಸರುಗಳನ್ನು ಅದು ತಾಳದು. ಸುಣ್ಣದ ಗಾರೆಯ ಗೋಡೆ ತೇವವನ್ನು ಹೀರಿ ಬಿಡುತ್ತ ಇರುವಂಥದು. ಅದರ ಮೇಲೆ ಸಿಮೆಂಟಿನ ಗಟ್ಟಿ ಗಾರೆ ಮೆತ್ತಿದರೆ ತೇವ ಒಳಗೇ ಸಿಕ್ಕಿ ಎರಡು ವರ್ಷದಲ್ಲಿ ಬಣ್ಣ ಸುಲಿದು ಬೀಳುತ್ತದೆ. ಇಷ್ಟೆಲ್ಲವನ್ನೂ ಸರಿಪಡಿಸಿದರೂ ನೆಂಟರ ಕಣ್ಣಿಗೆ ಬದಲಾದದ್ದೇನೂ ಕಾಣಿಸದು. "ಇಷ್ಟು ದುಡ್ಡು ಎಲ್ಲಿಗೆ ಹೋಯಿತು?" ಎಂದು ಅವರು ಕೇಳಿಯೇ ಕೇಳುತ್ತಾರೆ.

ಕಾಣದ ವೆಚ್ಚ ಬಡವ ಬಲ್ಲಿದನೆಂದು ನೋಡುವುದಿಲ್ಲ. ಅಮೆರಿಕದ ಅಧ್ಯಕ್ಷರ ನಿವಾಸವಾದ ಶ್ವೇತಭವನದ ಕಥೆ ಇದಕ್ಕೆ ಸಾಕ್ಷಿ. 1948ರಲ್ಲಿ ಅಧ್ಯಕ್ಷ ಹ್ಯಾರಿ ಟ್ರೂಮನ್ನರ ಮಗಳ ಪಿಯಾನೋದ ಒಂದು ಕಾಲು ಮಹಡಿಯ ನೆಲವನ್ನು ತೂರಿತು. ಕೆಳಗಿನ ಊಟದ ಕೋಣೆಯ ಚಾವಣಿಯಿಂದ ಗಾರೆ ಉದುರಿತು. ಪರೀಕ್ಷಿಸಿದರೆ ಇಡೀ ಕಟ್ಟಡವೇ ಅಪಾಯದಲ್ಲಿತ್ತು. ಇದಕ್ಕೆ ಕಾರಣ ಭೂಕಂಪವಲ್ಲ, ಸಿಡಿಲಲ್ಲ. ಹಿಂದಿನವರು ಮಾಡಿಸಿದ ಸುಧಾರಣೆಗಳು! 1902ರಲ್ಲಿ ಊಟದ ಹಜಾರ ವಿಶಾಲವಾಗಲೆಂದು ಭಾರ ಹೊತ್ತಿದ್ದ ಗೋಡೆಯನ್ನು ತೆಗೆದಿದ್ದರು. ಕೊಳವೆ, ತಂತಿಗಳಿಗೆ ದಾರಿ ಮಾಡಲು ಮರದ ತೊಲೆಗಳನ್ನು ಅಲ್ಲಲ್ಲಿ ಕೊರೆದಿದ್ದರು. 1927ರಲ್ಲಿ ಉಕ್ಕು ಕಾಂಕ್ರೀಟುಗಳ ಮೂರನೆಯ ಮಹಡಿಯನ್ನು ಅದೇ ಹಳೆಯ ಗೋಡೆಗಳ ಮೇಲೆ ಏರಿಸಿದ್ದರು. ಒಂದೊಂದೂ ಆಯಾ ಕಾಲಕ್ಕೆ ಸಣ್ಣ ಅನುಕೂಲವೇ. ಟ್ರೂಮನ್ ಸಂಸಾರ ಎದುರಿನ ಬ್ಲೇರ್ ಹೌಸಿಗೆ ಬಿಡಾರ ಬದಲಿಸಿತು. ಹೊರಗೋಡೆಗಳನ್ನಷ್ಟೆ ಉಳಿಸಿಕೊಂಡು ಒಳಗಿನದನ್ನೆಲ್ಲ ಬರಿದು ಮಾಡಿ, ತಳಪಾಯವನ್ನು ಇಪ್ಪತ್ತು ಅಡಿಗೂ ಹೆಚ್ಚು ಆಳಕ್ಕಿಳಿಸಿ, ಉಕ್ಕಿನ ಹಂದರ ನಿಲ್ಲಿಸಿದರು. ಕೆಲಸ 1949ರ ಡಿಸೆಂಬರಿನಿಂದ 1952ರ ಮಾರ್ಚಿಯವರೆಗೆ ನಡೆಯಿತು.

ಅಲ್ಲಿನ ಕಾಂಗ್ರೆಸ್ಸು ಒಪ್ಪಿದ್ದು 54 ಲಕ್ಷ ಡಾಲರು. ಆದದ್ದು ಸುಮಾರು 57 ಲಕ್ಷ. ಮೇಲ್ನೋಟಕ್ಕೆ ಹೆಚ್ಚು ತಪ್ಪಿದ ಲೆಕ್ಕವಲ್ಲ. ಆದರೆ ತಳಪಾಯವೂ ಉಕ್ಕೂ ಹಣವನ್ನು ನುಂಗಿದ ಮೇಲೆ ಒಳಾಲಂಕಾರಕ್ಕೆ ಉಳಿದದ್ದು ಅಲ್ಪ. ಬಿಚ್ಚಿದ ಹಳೆಯ ಕೆತ್ತನೆಯ ಭಾಗಗಳಲ್ಲಿ ಎಷ್ಟೋ ಮತ್ತೆ ಸ್ಥಾನ ಕಾಣದೆ ಮಣ್ಣುಪಾಲಾದವು. ಪೀಠೋಪಕರಣಗಳನ್ನು ನ್ಯೂಯಾರ್ಕಿನ ಒಂದು ದೊಡ್ಡ ಅಂಗಡಿಯಿಂದ ಅಸಲು ಬೆಲೆಗೆ ತರಿಸಿ ಜೋಡಿಸಿದರು. ಒಂಬತ್ತು ವರ್ಷಗಳ ಮೇಲೆ, 1961ರಲ್ಲಿ, ಆ ಮನೆಗೆ ಬಂದ ಜಾಕ್ವೆಲಿನ್ ಕೆನಡಿಯವರಿಗೆ ಅದು ಸಹನೆಯಾಗಲಿಲ್ಲ. ಕುಟುಂಬದ ಕೋಣೆಗಳನ್ನು ಸಜ್ಜುಗೊಳಿಸುವುದರಲ್ಲಿಯೇ ಸರಕಾರ ಕೊಟ್ಟಿದ್ದ 50,000 ಡಾಲರು ಬಹು ಬೇಗ ಕರಗಿತು. ಮುಂದಿನ ಕೆಲಸಕ್ಕೆ ದಾನಿಗಳನ್ನು ಹುಡುಕಬೇಕಾಯಿತು. 1962ರಲ್ಲಿ ಶ್ವೇತಭವನದ ಪರಿಚಯಪುಸ್ತಕವನ್ನೇ ಅಚ್ಚು ಹಾಕಿಸಿ ಮಾರಿ ಹಣ ಕೂಡಿಸಿದರು. ಬಸವನಗುಡಿಯ ಸಂಸಾರಕ್ಕೆ ಪುಸ್ತಕ ಮಾರುವ ಆ ಸೌಕರ್ಯವಿಲ್ಲ.

ಹಾಗಾದರೆ ಕಾಣದ್ದನ್ನು ಮೊದಲೇ ಕಾಣುವುದು ಹೇಗೆ? ಪೂರ್ತಿಯಾಗಿ ಸಾಧ್ಯವಿಲ್ಲ, ಒಂದಿಷ್ಟು ಸಾಧ್ಯ. ಅಂದಾಜು ಹಾಕುವ ಮುನ್ನವೇ ತೊಲೆಯ ತುದಿಗಳಲ್ಲಿ ಎರಡು ಮೂರು ಕಡೆ ಗಾರೆ ಬಿಡಿಸಿ ನೋಡುವುದು, ಒಂದು ಕೊಳವೆಯನ್ನು ಕತ್ತರಿಸಿ ನೋಡುವುದು, ನಡುಮನೆಯ ಗೋಡೆ ಚಾವಣಿಯ ಭಾರ ಹೊತ್ತಿದೆಯೇ ಎಂಬುದನ್ನು ಎಂಜಿನಿಯರಿಂದ ತಿಳಿಯುವುದು. ಇವಕ್ಕೆ ಕೆಲವು ಸಾವಿರ ರೂಪಾಯಿ ತಗಲಬಹುದು. ಮಗನಿಗೆ ಬೇಕಾದ ವಿಶಾಲ ಹಜಾರಕ್ಕೆ ಉಕ್ಕಿನ ತೊಲೆ ಬೇಕೆಂದು ಆಗಲೇ ಗೊತ್ತಾದರೆ, ಇಡೀ ಗೋಡೆಯ ಬದಲು ಅಗಲವಾದ ಒಂದು ಕಮಾನು ಸಾಕೆಂದು ಅವನು ಒಪ್ಪಲೂಬಹುದು. ಸುತ್ತಿಗೆ ಬಿದ್ದ ಮೇಲೆ ಒಪ್ಪುವ ಪ್ರಮೇಯವೇ ಇರುವುದಿಲ್ಲ.

ಮೊದಲೇ ತಿಳಿಯದೆ ಕೈ ಕಚ್ಚುವ ಇನ್ನೊಂದು ಬಾಬೆಂದರೆ ಮನಸ್ಸಿನ ಚಾಂಚಲ್ಯ. ಅಡುಗೆಮನೆಯ ನಲ್ಲಿಯನ್ನು ಕಿಟಕಿಯ ಎಡದಿಂದ ಬಲಕ್ಕೆ ಸರಿಸುವುದು ನಕ್ಷೆಯಲ್ಲಿ ರಬ್ಬರಿನ ಕೆಲಸ. ಟೈಲ್ಸ್ ಅಂಟಿಸಿದ ಮೇಲಾದರೆ ಕೊಳವೆಯವನು, ಗಾರೆಯವನು, ಟೈಲ್ಸಿನವನು, ಬಣ್ಣದವನು ನಾಲ್ವರ ಕೂಲಿ. ಸಾಲದ್ದಕ್ಕೆ ಹೊಸದಾಗಿ ತಂದ ಟೈಲ್ಸ್ ಬೇರೆ ತಂಡದ್ದಾಗಿ ಬಣ್ಣ ಹೊಂದದೆ, ಬಲ್ಲವರಿಗೆಲ್ಲ ಆ ತೇಪೆ ಎದ್ದು ಕಾಣುತ್ತದೆ. ಆದುದರಿಂದ ಅನುಭವಿಗಳು ನೆಲದ ಮೇಲೆ ಸೀಮೆಸುಣ್ಣದಿಂದ ಅಡುಗೆ ಕಟ್ಟೆಯನ್ನು ಪೂರ್ಣ ಅಳತೆಯಲ್ಲಿ ಬರೆದು, ಗೃಹಿಣಿಯನ್ನು ಅಲ್ಲಿ ನಿಲ್ಲಿಸುತ್ತಾರೆ. ಕುಕ್ಕರು ಇಲ್ಲಿ, ಕಾಫಿಯ ಫಿಲ್ಟರು ಇಲ್ಲಿ, ರುಬ್ಬುವ ಯಂತ್ರ ಅಲ್ಲಿ, ಬಲಗೈಗೆ ಒಗ್ಗರಣೆಯ ಡಬ್ಬಿ. ಹಬ್ಬದ ದಿನ ಇಬ್ಬರು ಒಟ್ಟಿಗೆ ನಿಂತರೆ ಮೊಣಕೈ ತಗಲುವುದೆ? ಕಟ್ಟೆಯ ಎತ್ತರ ಅತ್ತೆಗೆ ಸರಿಯೋ, ಅವರಿಗಿಂತ ಅರ್ಧ ಅಡಿ ಎತ್ತರದ ಸೊಸೆಗೋ? ಒಂದು ಸಂಜೆಯ ಈ ಆಟ ಎಷ್ಟೋ ಸಾವಿರಗಳನ್ನು ಉಳಿಸುತ್ತದೆ. ಮನೆಯ ಗಂಡಸರು ಈ ಚರ್ಚೆಯಲ್ಲಿ ಕೇಳುಗರಾಗಿದ್ದರೆ ಇನ್ನಷ್ಟು ಉಳಿಯುತ್ತದೆ.

ನಕ್ಷೆ ಸ್ಥಿರವಾದ ಮೇಲೆ ಬಾಬುವಾರು ಪಟ್ಟಿ. "ಎಲ್ಲಾ ಸೇರಿ ಇಷ್ಟು ಸಾರ್" ಎಂಬ ಬಾಯಿಮಾತಿನಲ್ಲಿ 'ಎಲ್ಲಾ' ಎಂಬುದರ ಅರ್ಥ ಗುತ್ತಿಗೆದಾರರಿಗೆ ಒಂದು, ಮನೆಯವರಿಗೆ ಇನ್ನೊಂದು. ಎಷ್ಟು ಚದರ ಅಡಿ ಗಾರೆ, ಎಷ್ಟು ದಪ್ಪ, ಯಾವ ಜಾತಿಯ ಮರ, ಎಷ್ಟು ದೀಪದ ಗುಂಡಿ, ಒಡೆದ ಮಣ್ಣುಕಲ್ಲು ಸಾಗಿಸುವ ಖರ್ಚು ಯಾರದು ಎಂಬುದೆಲ್ಲ ಬರವಣಿಗೆಯಲ್ಲಿರಬೇಕು. ಅದೇ ಪಟ್ಟಿಯನ್ನು ಮೂವರಿಗೆ ಕೊಟ್ಟು ದರ ತರಿಸಿದರೆ ಹೋಲಿಕೆಗೆ ಅರ್ಥವುಂಟು. ಎಲ್ಲರಿಗಿಂತ ಬಹಳ ಕಡಿಮೆ ಹೇಳಿದವರು ಯಾವುದೋ ಬಾಬನ್ನು ಮರೆತಿದ್ದಾರೆ, ಅಥವಾ ಮರೆತಂತೆ ನಟಿಸಿದ್ದಾರೆ.

ಉಳಿಸಿಕೊಳ್ಳುವುದೂ ಆಯವ್ಯಯದ ಒಂದು ಭಾಗವೇ. ಹಳೆಯ ಸಾಗುವಾನಿ ಬಾಗಿಲುಗಳ ಬಣ್ಣ ಕೆರೆದು ಎಣ್ಣೆ ಹಚ್ಚಿದರೆ, ಅಂಥ ಮರವನ್ನು ಇಂದು ಕೊಳ್ಳುವ ಬೆಲೆಯ ಒಂದಂಶದಲ್ಲಿ ಕೆಲಸ ಮುಗಿಯುತ್ತದೆ. ತಿರುವನಂತಪುರದಲ್ಲಿ ನೆಲೆಸಿ 2007ರಲ್ಲಿ ಅಲ್ಲಿಯೇ ತೀರಿಕೊಂಡ ಲಾರಿ ಬೇಕರ್ ಎಂಬ ಆಂಗ್ಲ ಮೂಲದ ವಾಸ್ತುಶಿಲ್ಪಿ, ಕೆಡವಿದ ಮನೆಗಳ ಬಾಗಿಲು, ಮರ, ಹೆಂಚುಗಳಿಂದಲೇ ಎಷ್ಟೋ ಅಂದವಾದ ಮನೆಗಳನ್ನು ಕಟ್ಟಿದರು. ಕನ್ನಡಿಯಂತೆ ಹೊಳೆಯುವ ಕೆಂಪು ಗಾರೆಯ ನೆಲಕ್ಕಂತೂ ಬೆಲೆ ಕಟ್ಟುವಂತಿಲ್ಲ. ಆದರೆ ಒಂದೆಚ್ಚರಿಕೆ, ಅದನ್ನು ಕೊಳವೆಗಾಗಿ ಒಮ್ಮೆ ಸೀಳಿದರೆ ಮತ್ತೆ ಹಚ್ಚಿದ ಕೆಂಪು ಹಳೆಯ ಕೆಂಪಿನೊಡನೆ ಬೆರೆಯದು. ಕೊಳವೆಯ ದಾರಿಯನ್ನು ಗೋಡೆಯ ಮೇಲೋ ಹೊರಗಿನಿಂದಲೋ ಒಯ್ಯುವಂತೆ ನಕ್ಷೆಯಲ್ಲಿಯೇ ಬರೆಸಬೇಕು.

ಕೆಲಸಕ್ಕೆ ಕಾಲವೂ ಮುಖ್ಯ. ಆಷಾಢ ಬೇಡ, ಶೂನ್ಯಮಾಸ ಬೇಡ ಎಂದು ಪಂಚಾಂಗ ನೋಡುವವರು ಮಳೆಯನ್ನೂ ನೋಡಬೇಕು. ದೀಪಾವಳಿ ಮುಗಿದ ಮೇಲೆ ಚಾವಣಿಗೆ ಕೈ ಹಚ್ಚಿದರೆ ಆರು ತಿಂಗಳಲ್ಲಿ, ಮುಂಗಾರಿಗೆ ಮೊದಲು, ಮನೆ ಸೇರಬಹುದು. ಬಾಡಿಗೆಯ ಮನೆಯನ್ನು ಅದೇ ಬೀದಿಯಲ್ಲಿ ಹಿಡಿದರೆ ಒಂದೆರಡು ಸಾವಿರ ಹೆಚ್ಚಾದರೂ ಸರಿಯೆ. ಆ ವೃದ್ಧೆ ಸಂಜೆ ಕೋಲೂರಿಕೊಂಡು ಬಂದು, ಗೇಟಿನ ಬಳಿ ಕುರ್ಚಿ ಹಾಕಿಸಿಕೊಂಡು, ತನ್ನ ಮನೆಯ ಕೆಲಸವನ್ನು ತಾನೇ ನೋಡಬಹುದು. ಮೇಸ್ತ್ರಿಗಳಿಗೂ ಅಂಥ ಮೇಲ್ವಿಚಾರಣೆ ಒಳ್ಳೆಯದೇ.

ಹಣವನ್ನು ತಾರೀಖಿಗೆ ಅನುಸರಿಸಿ ಕೊಡದೆ, ಮುಗಿದ ಕೆಲಸವನ್ನು ಅನುಸರಿಸಿ ಕೊಡುವುದು ವಾಡಿಕೆಯಾಗಬೇಕು: ಚಾವಣಿ ಆದ ಮೇಲೆ ಇಷ್ಟು, ಕೊಳವೆ ತಂತಿಗಳಾದ ಮೇಲೆ ಇಷ್ಟು, ಗಾರೆಯಾದ ಮೇಲೆ ಇಷ್ಟು. ಬಚ್ಚಲ ನೆಲಕ್ಕೆ ಟೈಲ್ಸ್ ಹಾಕುವ ಮುನ್ನ ನೀರು ಕಟ್ಟಿ ನಿಲ್ಲಿಸಿ, ಒಂದೆರಡು ದಿನ ಕೆಳಗೂ ಪಕ್ಕಕ್ಕೂ ತೇವ ಕಾಣುವುದೇ ಎಂದು ನೋಡಿ, ಆಮೇಲೆ ಆ ಕಂತು. ಗುತ್ತಿಗೆಯ ಮೊತ್ತದಲ್ಲಿ ನೂರಕ್ಕೆ ಐದೋ ಹತ್ತೋ ಭಾಗವನ್ನು ಕಡೆಯವರೆಗೆ ತಡೆಹಿಡಿಯುವುದೆಂದು ಮೊದಲ ದಿನವೇ ಬರೆದುಕೊಂಡಿರಬೇಕು. ಗೃಹಪ್ರವೇಶದ ಸಂಭ್ರಮದಲ್ಲಿ ಅದನ್ನೂ ಕೈ ಎತ್ತಿ ಕೊಟ್ಟುಬಿಡುವ ಉದಾರಿಗಳುಂಟು. ಬಲ್ಲವರು ಕಾಯುತ್ತಾರೆ. ಮೊದಲ ದೊಡ್ಡ ಮಳೆ ಸುರಿದ ಮರುದಿನ ಬೆಳಿಗ್ಗೆ ಯಜಮಾನರೂ ವಿನ್ಯಾಸಕಾರರೂ ಮೇಸ್ತ್ರಿಯೂ ಕೋಣೆ ಕೋಣೆಗೂ ಹೋಗಿ, ಚಾವಣಿಯಲ್ಲಿ, ಗೋಡೆಯ ಮೂಲೆಯಲ್ಲಿ ಒದ್ದೆ ಕಂಡಲ್ಲೆಲ್ಲ ಸೀಮೆಸುಣ್ಣದಿಂದ ಸುತ್ತು ಬರೆಯುತ್ತಾರೆ. ಆ ಸುತ್ತುಗಳು ಅಳಿಸಿಹೋಗುವವರೆಗೆ ಕೊನೆಯ ಚೆಕ್ಕು ಬೀರುವಿನಲ್ಲಿಯೇ ಇರುತ್ತದೆ.